ಕಾಲವನ್ನು ಕಾಯುವ ದ್ರಾಕ್ಷಾರಸ: ಬರೋಲೊದ ಗುಡ್ಡದಿಂದ ನಂದಿಯ ತಪ್ಪಲಿನವರೆಗೆ

ಶತಮಾನೋತ್ಸವವನ್ನು ಆಚರಿಸುವ ದೇವಾಲಯದ ಸ್ಮರಣ ಸಂಚಿಕೆಯಲ್ಲಿ ಕಟ್ಟಡದ ಚರಿತ್ರೆ, ಗುರುಗಳ ಪರಂಪರೆ, ಸಂಘಸಂಸ್ಥೆಗಳ ಸೇವೆ ಮುಂತಾದ ವಿವರಗಳು ಬರುವುದು ವಾಡಿಕೆ. ಅವನ್ನು ಬರೆಯಲು ನಮಗಿಂತ ಸಮರ್ಥರು ಇದ್ದಾರೆ. ನಾವು ಇಲ್ಲಿ ಆರಿಸಿಕೊಂಡ ವಿಷಯ, ನೂರು ವರ್ಷಗಳ ಕಾಲ ನಮ್ಮ ಬಲಿಪೀಠದ ಮೇಲೆ ಇದ್ದೂ ಹೆಚ್ಚು ಮಂದಿಯ ಗಮನಕ್ಕೆ ಬಾರದ ಒಂದು ವಸ್ತು, ಅದೇ ದ್ರಾಕ್ಷಾರಸ. ಪೂಜಾಪಾತ್ರೆಗೆ ಸುರಿಯುವ ಆ ನಾಲ್ಕು ಹನಿ ಯಾವ ಬಳ್ಳಿಯದು, ಯಾರ ಕೈಯಿಂದ ಬಂದದ್ದು, ಎಷ್ಟು ಕಾಲ ಕಾದು ನಮ್ಮನ್ನು ಸೇರಿತು ಎಂದು ಕೇಳುವವರು ವಿರಳ. ದ್ರಾಕ್ಷಿಯ ಚಪ್ಪರಗಳನ್ನು ಕಣ್ಣಾರೆ ಕಂಡು ಬೆಳೆದ ರಾಜಘಟ್ಟದ ಸುತ್ತಲಿನ ನಮಗೆ ಈ ಪ್ರಶ್ನೆ ಪರಕೀಯವಾಗಬಾರದು.

ಜಗತ್ತಿನ ಬಹುಪಾಲು ದ್ರಾಕ್ಷಾರಸ ತಯಾರಾದ ಒಂದೆರಡು ವರ್ಷಗಳಲ್ಲೇ ಕುಡಿದು ಮುಗಿಸಬೇಕಾದದ್ದು. ಕೆಲವು ಮಾತ್ರ ಇಪ್ಪತ್ತು ಮೂವತ್ತು ವರ್ಷ ಉಳಿಯುತ್ತವೆ. ಉಳಿಯುವುದಷ್ಟೇ ಅಲ್ಲ, ಉಳಿದಂತೆ ಉತ್ತಮಗೊಳ್ಳುತ್ತವೆ. ಇಟಲಿಯ ಬರೋಲೊ ಎಂಬ ಕೆಂಪು ದ್ರಾಕ್ಷಾರಸ ಅಂಥವುಗಳಲ್ಲಿ ಅಗ್ರಗಣ್ಯ. ಅದರ ಚರಿತ್ರೆಯಲ್ಲಿ ಧರ್ಮಸಭೆಯು ಪೂಜ್ಯೆ ಎಂದು ಘೋಷಿಸಿರುವ ಒಬ್ಬ ಗೃಹಿಣಿಯ ಹೆಸರು ಬೆರೆತಿದೆ. ಮೊದಲು ಆ ಚರಿತ್ರೆಯನ್ನು ನಿರೂಪಿಸಿ, ಬಳಿಕ ನಮ್ಮ ನೆಲದ ದ್ರಾಕ್ಷಿಯ ಕಡೆಗೆ ತಿರುಗುವುದು ನಮ್ಮ ಉದ್ದೇಶ.

ಧರ್ಮಸಭೆ ಕೇಳುವ ರಸ

ಬಲಿಪೂಜೆಯ ದ್ರಾಕ್ಷಾರಸದ ವಿಷಯದಲ್ಲಿ ಧರ್ಮಸಭೆಯ ಬೇಡಿಕೆ ಸರಳವಾದದ್ದು. 1983ರಲ್ಲಿ ಹೊರಬಂದ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮದಂತೆ ಅದು ದ್ರಾಕ್ಷಿಯ ಹಣ್ಣಿನಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಹುಳಿತು ವಿನೆಗರ್ ಆದದ್ದು ಸಲ್ಲದು. ಬೆಲೆಯ ಮಾತಾಗಲಿ, ಬಣ್ಣದ ಮಾತಾಗಲಿ ಅಲ್ಲಿಲ್ಲ. ಬಳ್ಳಿ ಬೆಳೆಯದ ನಾಡುಗಳಲ್ಲಿ ಒಣದ್ರಾಕ್ಷಿಯನ್ನು ನೆನೆಸಿ ತೆಗೆದ ರಸವನ್ನೂ ಧರ್ಮಸಭೆ ಒಪ್ಪಿದೆ. ಬಣ್ಣ ರುಚಿಗಳಲ್ಲಿ ಅದು ನಿಜವಾದ ದ್ರಾಕ್ಷಾರಸವೆಂದು ಗುರುತಿಸುವಂತಿರಬೇಕು ಎಂಬುದಷ್ಟೇ ನಿಬಂಧನೆ. ಕೇರಳದ ಸಂತ ತೋಮರ ಕ್ರೈಸ್ತರು ಹಿಂದೆ ಹೀಗೆಯೇ ಪೂಜೆ ನಡೆಸುತ್ತಿದ್ದರು.

ಕ್ರಿಸ್ತಜಯಂತಿಗೆ ಮೊದಲು ನಮ್ಮ ಮನೆಗಳಲ್ಲಿ ತಾಯಂದಿರು ಕಪ್ಪು ದ್ರಾಕ್ಷಿಯನ್ನು ಹಿಸುಕಿ, ಸಕ್ಕರೆ ಸುರಿದು, ಒಂದು ಹಿಡಿ ಗೋಧಿ, ಎರಡು ಲವಂಗ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಡುವ ರಸ ಹಬ್ಬಕ್ಕೆ ಯೋಗ್ಯವೇ ಹೌದು. ಆದರೆ ಗೋಧಿ ಲವಂಗಗಳು ಬೆರೆತ ಕಾರಣ ಬಲಿಪೀಠಕ್ಕೆ ಬಾರದು. ಅಲ್ಲದೆ ಅದು ಹೊಸ ವರ್ಷ ದಾಟಿ ಕೆಲವು ತಿಂಗಳು ಉಳಿಯುವುದೂ ಕಷ್ಟ. ರಸ ಕೆಡದಿರಬೇಕು ಎಂಬ ಒಂದು ಮಾತಿನ ಹಿಂದೆ ಎಷ್ಟು ಶ್ರಮವಿದೆ ಎಂಬುದನ್ನು ಇಲ್ಲಿಂದಲೇ ಊಹಿಸಬಹುದು.

ಮಂಜಿನ ಹೆಸರಿನ ದ್ರಾಕ್ಷಿ

ಇಟಲಿಯ ವಾಯವ್ಯದಲ್ಲಿ, ಆಲ್ಪ್ಸ್ ಪರ್ವತದ ಅಡಿಯಲ್ಲಿ ಪಿಯೆಮೊಂಟೆ ಎಂಬ ಪ್ರಾಂತವಿದೆ. ಅದರ ರಾಜಧಾನಿ ಟ್ಯೂರಿನ್. ಅಲ್ಲಿಂದ ದಕ್ಷಿಣಕ್ಕಿರುವ ಲಾಂಗೆ ಎಂಬ ಗುಡ್ಡಸಾಲಿನ ಒಂದು ಪುಟ್ಟ ಊರು ಬರೋಲೊ. ಈ ಊರೂ ಸೇರಿ ಹನ್ನೊಂದು ಊರುಗಳ ಎಲ್ಲೆಯಲ್ಲಿ ಬೆಳೆದ ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಮಾಡಿದ ರಸಕ್ಕೆ ಮಾತ್ರ ಬರೋಲೊ ಎಂಬ ಹೆಸರು ಸಲ್ಲುತ್ತದೆ. ಇಟಲಿಯ ಭಾಷೆಯಲ್ಲಿ ನೆಬ್ಬಿಯ ಎಂದರೆ ಮಂಜು. ಅಕ್ಟೋಬರದ ಕೊಯ್ಲಿನ ವೇಳೆಗೆ ಆ ಕಣಿವೆಗಳನ್ನು ಮಂಜು ತುಂಬುವುದರಿಂದ ದ್ರಾಕ್ಷಿಗೆ ಆ ಹೆಸರು ಬಂದಿತೆಂದು ಹಲವರ ಅಭಿಪ್ರಾಯ. ಮುಂಜಾವಿನಲ್ಲಿ ನಂದಿಬೆಟ್ಟ ಮಂಜಿನಲ್ಲಿ ಅಡಗಿ ನಿಲ್ಲುವುದನ್ನು ನೋಡಿದ ನಮಗೆ ಆ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ನೆಬ್ಬಿಯೋಲೊ ಬೇಗ ಚಿಗುರಿ ತಡವಾಗಿ ಮಾಗುವ ಹಣ್ಣು. ಅದರಲ್ಲಿ ಹುಳಿಯೂ ಹೆಚ್ಚು, ಒಗರೂ ಹೆಚ್ಚು. ಎಳೆಯ ಅಡಕೆಯನ್ನು ಅಗಿದಾಗ ನಾಲಗೆಯನ್ನು ಹಿಡಿಯುವ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಅಂಶವೇ ಈ ಹಣ್ಣಿನ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಇರುವುದು. ಹೊಸ ಬರೋಲೊ ಬಾಯಿಗೆ ಹಿತವಲ್ಲ. ಆದರೆ ರಸವನ್ನು ಕಾಪಾಡುವುದು ಈ ಹುಳಿ ಮತ್ತು ಒಗರುಗಳೇ. ವರ್ಷಗಳು ಕಳೆದಂತೆ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ಮೆತ್ತಗಾಗುತ್ತವೆ. ಕೆಲವು ಗಸಿಯಾಗಿ ಸೀಸೆಯ ತಳಕ್ಕೆ ಇಳಿಯುತ್ತವೆ. ಮಾಣಿಕ್ಯದ ಕೆಂಪು ತಿಳಿಯಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆರಂಭದಲ್ಲಿ ದೋಷವೆಂದು ತೋರಿದ ಕಟುತ್ವವೇ ಕಾಲಾಂತರದಲ್ಲಿ ಗುಣದ ಆಧಾರವಾಗುತ್ತದೆ.

ಬರೋಲೊದ ಮಹಾತಾಯಿ

ಈ ರಸ ಮೊದಲಿನಿಂದಲೂ ಹೀಗಿರಲಿಲ್ಲ. 1787ರಲ್ಲಿ ಟ್ಯೂರಿನ್ನಿಗೆ ಬಂದಿದ್ದ ಅಮೇರಿಕದ ಥಾಮಸ್ ಜೆಫರ್ಸನ್, ತಾನು ಅಲ್ಲಿ ಸವಿದ ನೆಬ್ಬಿಯೋಲೊ ಸಿಹಿಯಾಗಿಯೂ ನೊರೆಯುಕ್ಕುವಂಥದಾಗಿಯೂ ಇತ್ತೆಂದು ಬರೆದಿದ್ದಾನೆ. ತಡವಾದ ಕೊಯ್ಲಿನ ಬೆನ್ನಿಗೇ ಚಳಿ ಬಂದು ಹುದುಗುವಿಕೆ ಅರ್ಧಕ್ಕೆ ನಿಲ್ಲುತ್ತಿದ್ದುದೇ ಇದಕ್ಕೆ ಕಾರಣ. ಅರ್ಧ ಹುದುಗಿದ ರಸ ಬಹುಕಾಲ ನಿಲ್ಲದು. ಅದನ್ನು ಪೂರ್ಣವಾಗಿ ಹುದುಗಿಸಿ, ಸಿಹಿಯಿಲ್ಲದ, ಬಾಳಿಕೆಯುಳ್ಳ ರಸವನ್ನಾಗಿ ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಸಾಧನೆ. ಆ ಕೀರ್ತಿ ಫ್ರೆಂಚ್ ವರ್ತಕ ಊದಾರ್‌ಗೆ ಸಲ್ಲಬೇಕೆ, ಸೇನಾಧಿಕಾರಿ ಸ್ತಾಲಿಯೆನೊಗೆ ಸಲ್ಲಬೇಕೆ ಎಂಬುದರಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಆದರೆ ಆ ರಸಕ್ಕೆ ತಮ್ಮ ಮನೆಯ ಹೆಸರನ್ನೂ ಗೌರವವನ್ನೂ ತಂದುಕೊಟ್ಟವರು ಬರೋಲೊದ ಜಹಗೀರುದಾರರಾದ ಫಲ್ಲೆತ್ತಿ ಮನೆತನದವರು, ಅದರಲ್ಲಿಯೂ ಆ ಮನೆಯ ಕೊನೆಯ ಒಡತಿ ಜೂಲಿಯಾ ಕೊಲ್ಬೆರ್.

ಜೂಲಿಯಾ ಫ್ರಾನ್ಸಿನ ಮೊಲೆವ್ರಿಯೆ ಎಂಬಲ್ಲಿ 1786ರಲ್ಲಿ ಜನಿಸಿದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅವರ ಬಂಧುಗಳು ಕೊಲೆಯಂತ್ರಕ್ಕೆ ಬಲಿಯಾದರು. 1806ರಲ್ಲಿ ಕಾರ್ಲೊ ತಂಕ್ರೇದಿ ಫಲ್ಲೆತ್ತಿಯವರನ್ನು ವರಿಸಿ, ಮುಂದೆ ದಂಪತಿಗಳು ಟ್ಯೂರಿನ್ನಿನಲ್ಲಿ ನೆಲೆಸಿದರು. ಅವರಿಗೆ ಮಕ್ಕಳಿರಲಿಲ್ಲ. 1814ರಲ್ಲಿ, ರೋಗಿಯೊಬ್ಬನಿಗೆ ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದ ಮೆರವಣಿಗೆಯು ಸೆರೆಮನೆಯ ಬದಿಯಲ್ಲಿ ಸಾಗುತ್ತಿದ್ದಾಗ, ತನಗೆ ಬೇಕಾದದ್ದು ಪ್ರಸಾದವಲ್ಲ, ಹೊಟ್ಟೆಗೆ ಗಂಜಿ ಎಂಬರ್ಥದಲ್ಲಿ ಕೈದಿಯೊಬ್ಬ ಕೂಗಿದ್ದು ಆಕೆಯ ಕಿವಿಗೆ ಬಿತ್ತಂತೆ. ಭಕ್ತರು ಅದನ್ನು ದೈವನಿಂದೆಯೆಂದು ಭಾವಿಸಬಹುದಾಗಿತ್ತು. ಜೂಲಿಯಾ ಅದನ್ನು ಹಸಿವೆಂದು ತಿಳಿದು ಆ ಸೆರೆಮನೆಯೊಳಕ್ಕೆ ಹೋದರು. ಅಲ್ಲಿಂದ ಮುಂದೆ ಐವತ್ತು ವರ್ಷ ಅವರ ಐಶ್ವರ್ಯವೆಲ್ಲ ಆ ದಾರಿಯಲ್ಲೇ ಹರಿಯಿತು. ಹೆಂಗಸರ ಸೆರೆಮನೆಯನ್ನು ಸುಧಾರಿಸಿದರು. ಬಿಡುಗಡೆಯಾದ ಹೆಣ್ಣುಮಕ್ಕಳಿಗೆ ಆಶ್ರಯಧಾಮ ಕಟ್ಟಿದರು. ಅಂಗವಿಕಲ ಬಾಲಕಿಯರಿಗೆ ಆಸ್ಪತ್ರೆ ತೆರೆದರು. ಆ ಆಸ್ಪತ್ರೆಯ ಗುರುಗಳಾಗಿ 1844ರಲ್ಲಿ ನೇಮಕಗೊಂಡವರು, ಆಗಿನ್ನೂ ಹೆಸರು ಪಡೆಯದಿದ್ದ ಯುವ ಯಾಜಕ ಡಾನ್ ಬೋಸ್ಕೊ. ಅವರ ಬಾಲಕರ ಕೂಟಕ್ಕೆ ಮೊದಲು ಸ್ವಲ್ಪ ಕಾಲ ನೆರಳು ಕೊಟ್ಟದ್ದು ಈ ಒಡತಿಯ ಕೊಠಡಿಗಳೇ.

1834ರಲ್ಲಿ ದಂಪತಿಗಳು ಬಡ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಂತ ಅನ್ನಮ್ಮನವರ ಹೆಸರಿನಲ್ಲಿ ಸನ್ಯಾಸಿನಿಯರ ಸಭೆಯೊಂದನ್ನು ಸ್ಥಾಪಿಸಿದರು. ಕಾರ್ಲೊ 1838ರಲ್ಲಿಯೂ ಜೂಲಿಯಾ 1864ರಲ್ಲಿಯೂ ತೀರಿಕೊಂಡರು. ಅವರ ಆಸ್ತಿಯೆಲ್ಲ ಬರೋಲೊ ಧರ್ಮಸಂಸ್ಥೆಗೆ ಸಂದಿತು. ಅವರು ಕಣ್ಮುಚ್ಚಿದ ಏಳು ವರ್ಷಗಳಲ್ಲೇ, ಎಂದರೆ 1871ರಲ್ಲಿ, ಆ ಸನ್ಯಾಸಿನಿಯರು ಸಮುದ್ರ ದಾಟಿ ಸಿಕಂದರಾಬಾದಿಗೆ ಬಂದು ಶಾಲೆ ತೆರೆದರು. ಬರೋಲೊ ಮನೆತನದ ಸಂಪತ್ತಿನಿಂದ ಬೆಳೆದ ಸೇವೆ ಹೀಗೆ ದಖನ್ನಿನ ಹೆಣ್ಣುಮಕ್ಕಳ ಅಕ್ಷರವಾಯಿತು. ಜೂಲಿಯಾರನ್ನು 2015ರಲ್ಲಿ, ಅವರ ಪತಿಯನ್ನು 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಪೂಜ್ಯರೆಂದು ಅಂಗೀಕರಿಸಿದರು.

ಇವರ ಬಗ್ಗೆ ಪಿಯೆಮೊಂಟೆಯ ಜನ ಒಂದು ಕಥೆ ಹೇಳುತ್ತಾರೆ. ಬರೋಲೊದ ರಸ ಬಹಳ ಹೆಸರಾಗಿದೆಯಂತೆ, ನಮಗೆ ರುಚಿ ತೋರಿಸಲಿಲ್ಲವಲ್ಲ ಎಂದು ದೊರೆ ಕಾರ್ಲೊ ಅಲ್ಬೆರ್ತೊ ಕೇಳಿದಾಗ, ಈ ತಾಯಿ 325 ಗಾಡಿಗಳಲ್ಲಿ ಪೀಪಾಯಿ ಹೇರಿಸಿ ಅರಮನೆಗೆ ಕಳುಹಿಸಿದರಂತೆ. ವರ್ಷದ ದಿನಕ್ಕೊಂದು, ತಪಸ್ಸುಕಾಲದ ನಾಲ್ವತ್ತು ದಿನ ಮಾತ್ರ ಬಿಟ್ಟು. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಆ ನಾಲ್ವತ್ತರ ಲೆಕ್ಕವನ್ನು ಜನ ಮರೆಯದೆ ಉಳಿಸಿಕೊಂಡಿದ್ದಾರೆ ಎಂಬುದು ಗಮನಾರ್ಹ. ಉತ್ತಮ ರಸವನ್ನು ಮಾಡಬಲ್ಲವರಿಗೆ ಅದನ್ನು ಮುಟ್ಟದಿರುವ ಕಾಲವೂ ತಿಳಿದಿರಬೇಕು.

ಮನೆತನ ಮತ್ತು ಪೀಪಾಯಿ

ಫಲ್ಲೆತ್ತಿ ವಂಶ ಮುಗಿದ ಮೇಲೆ ಈ ವಿದ್ಯೆಯನ್ನು ಉಳಿಸಿದವರು ಸಣ್ಣ ರೈತ ಮನೆತನಗಳು. ಹಳೆಯ ಪದ್ಧತಿಯ ಮನೆಗಳಲ್ಲಿ ಕ್ರಮ ಹೀಗೆ: ಹಿಂಡಿದ ಹಣ್ಣನ್ನು ಸಿಪ್ಪೆಯ ಸಮೇತ ಹಲವು ವಾರ, ಕೆಲವೊಮ್ಮೆ ಎರಡು ತಿಂಗಳ ತನಕ ನೆನೆಯಬಿಡುವುದು, ಬಳಿಕ ರಸವನ್ನು ಓಕ್ ಮರದ ಭಾರಿ ಪೀಪಾಯಿಗಳಿಗೆ ತುಂಬಿ ವರ್ಷಗಟ್ಟಲೆ ಇಡುವುದು. ಪೀಪಾಯಿ ದೊಡ್ಡದೂ ಹಳೆಯದೂ ಆದ್ದರಿಂದ ಮರದ ವಾಸನೆ ರಸಕ್ಕೆ ಹತ್ತದು. ಹಲಗೆಯ ಸಂದುಗಳಿಂದ ಅತ್ಯಲ್ಪ ಗಾಳಿ ಮಾತ್ರ ಒಳಗಿಳಿದು ರಸವನ್ನು ಮಾಗಿಸುತ್ತದೆ. 1980ರಲ್ಲಿ ಇಟಲಿಯ ಸರ್ಕಾರ ಬರೋಲೊಗೆ ದ್ರಾಕ್ಷಾರಸಗಳ ಅತ್ಯುನ್ನತ ದರ್ಜೆಯನ್ನು ನೀಡಿತು. ಇಂದಿನ ನಿಯಮದಂತೆ ಅದು ಮಾರಾಟಕ್ಕೆ ಬರುವ ಮುನ್ನ 38 ತಿಂಗಳು ಮಾಗಬೇಕು. ಅದರಲ್ಲಿ 18 ತಿಂಗಳು ಮರದಲ್ಲಿ. ರಿಸೆರ್ವ ಎಂಬ ವಿಶೇಷ ಬಗೆಗೆ 62 ತಿಂಗಳು. ಇಂದು ಕೊಯ್ದ ಹಣ್ಣಿನ ಹಣ ಮೂರು ವರ್ಷ ಕಳೆದು ಕೈ ಸೇರುವುದೆಂದರೆ ರೈತನಿಗೆ ಎಂಥ ಪರೀಕ್ಷೆ ಎಂಬುದನ್ನು ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ.

ಆ ಪರೀಕ್ಷೆಯಲ್ಲಿ ಮನೆಗಳು ಒಡೆದದ್ದೂ ಉಂಟು. 1980ರ ದಶಕದಲ್ಲಿ ಕೆಲವು ಯುವಕರು ಬೇಗ ಕುಡಿಯಲು ಬರುವ ಮೃದು ರಸಕ್ಕಾಗಿ ಹಳೆಯ ಪೀಪಾಯಿಗಳನ್ನು ತೊರೆದು ಫ್ರಾನ್ಸಿನ ಚಿಕ್ಕ ಹೊಸ ಪೀಪಾಯಿಗಳನ್ನು ತಂದರು. ಒಬ್ಬ ಮಗ ಗರಗಸದ ಯಂತ್ರ ಹಿಡಿದು ಹಿರಿಯರ ಪೀಪಾಯಿಗಳನ್ನೇ ಕೊಯ್ದುಹಾಕಿದ. ತಂದೆ ಅವನಿಗೆ ಆಸ್ತಿಯಲ್ಲಿ ಪಾಲು ಕೊಡದೆ ತೀರಿಕೊಂಡ. ಇತ್ತ ಬರೋಲೊ ಊರಿನಲ್ಲಿಯೇ, 1918ರಲ್ಲಿ ಆರಂಭವಾದ ಮಸ್ಕರೆಲ್ಲೊ ಮನೆಯ ಬರ್ತೊಲೊ ಎಂಬ ಹಿರಿಯರು ಹಳೆಯ ಕ್ರಮವನ್ನು ಕೊನೆಯವರೆಗೂ ಬಿಡಲಿಲ್ಲ. ಸೀಸೆಗಳಿಗೆ ತಾವೇ ಚಿತ್ರ ಬರೆದು ಚೀಟಿ ಅಂಟಿಸಿ ಹೊಸ ಪೀಪಾಯಿಗಳನ್ನು ಪರಿಹಾಸ್ಯ ಮಾಡಿದರು. 2005ರಲ್ಲಿ ಅವರು ನಿಧನರಾದ ಮೇಲೆ ಮಗಳು ಮರಿಯ ತೆರೆಸ ಅದೇ ಕ್ರಮವನ್ನು ಮುಂದುವರಿಸಿದರು. ಕಾಲ ಕಳೆದಂತೆ ಎರಡು ಪಕ್ಷಗಳೂ ಒಂದರಿಂದೊಂದು ಕಲಿತು ಜಗಳ ತಣ್ಣಗಾಯಿತು. 2014ರಲ್ಲಿ ಲಾಂಗೆಯ ದ್ರಾಕ್ಷಿತೋಟಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಆತುರದ ವಿಷ

ಇದೇ ನಾಡು ಆತುರದ ಫಲವನ್ನೂ ಕಂಡಿದೆ. 1986ರ ಮಾರ್ಚಿಯಲ್ಲಿ ಇಟಲಿಯಲ್ಲಿ ಅಗ್ಗದ ದ್ರಾಕ್ಷಾರಸ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಲವರು ಕಣ್ಣು ಕಳೆದುಕೊಂಡರು. ನೀರಸವಾದ ರಸಕ್ಕೆ ಬಲ ತೋರಿಸಲು ಮಿಥೈಲ್ ಆಲ್ಕೋಹಾಲ್ ಬೆರೆಸಿದ್ದರು. ಆ ಪಾಪದ ಒಂದು ಎಳೆ ಬರೋಲೊದ ನೆರೆಯ ಊರಿನವರೆಗೂ ಬಂದಿತ್ತು. ಇಟಲಿಯ ದ್ರಾಕ್ಷಾರಸದ ರಫ್ತು ಕುಸಿದುಬಿತ್ತು. ವರ್ಷಗಟ್ಟಲೆ ಕಾದು ಪ್ರಾಮಾಣಿಕವಾಗಿ ರಸ ಮಾಡಿದ ಮನೆಗಳೂ ಆ ಅಪಕೀರ್ತಿಯ ಪಾಲು ಹೊರಬೇಕಾಯಿತು.

ನಾವು ಇದನ್ನು ದೂರದೂರಿನ ಸುದ್ದಿಯೆಂದು ಓದುವಂತಿಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರು ಮುನ್ನೂರಕ್ಕೂ ಹೆಚ್ಚು. 2008ರ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಕೊಂದದ್ದು ಅದೇ ವಿಷ. ಸತ್ತವರಲ್ಲಿ ಬಹುಮಂದಿ ದಿನಗೂಲಿಯ ಬಡವರು. ದ್ರಾಕ್ಷಾರಸದ ಚರಿತ್ರೆಯನ್ನು ಹೇಳಿದ ಮಾತ್ರಕ್ಕೆ ನಾವು ಕುಡಿತವನ್ನು ಹೊಗಳಿದೆವೆಂದು ಯಾರೂ ತಿಳಿಯಬಾರದು. ಸಂಜೆಯ ಕೂಲಿ ಮನೆ ಸೇರದೆ ದಾರಿಯಲ್ಲೇ ಕರಗಿಹೋಗುವ ಸಂಸಾರಗಳ ಕಣ್ಣೀರನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವೂ ಮರೆಯಲಾರ.

ನಂದಿಯ ತಪ್ಪಲಿನ ದ್ರಾಕ್ಷಿ

ಈಗ ನಮ್ಮ ನೆಲಕ್ಕೆ ಬರೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆ ಕಲ್ಲುಕಂಬ ನೆಟ್ಟು ತಂತಿ ಎಳೆದ ಚಪ್ಪರಗಳಲ್ಲಿ ತೂಗುವ ಬೆಂಗಳೂರು ಬ್ಲೂ ಎಂಬ ನೀಲಿಗಪ್ಪು ದ್ರಾಕ್ಷಿ ಇಲ್ಲಿಗೆ ಬಂದು ಸುಮಾರು ನೂರೈವತ್ತು ವರ್ಷವಾಯಿತು. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಯೂರೋಪಿನ ದ್ರಾಕ್ಷಿಗೂ ಅಮೇರಿಕದ ಕಾಡುದ್ರಾಕ್ಷಿಗೂ ಹುಟ್ಟಿದ ಮಿಶ್ರ ಸಂತಾನ ಇದು. ರೋಗವನ್ನು ತಡೆದುಕೊಳ್ಳುವ ಗಟ್ಟಿತನ, ಮೂಗಿಗೆ ಬಡಿಯುವ ಗಮಲು, ಕೈತುಂಬ ಹುಳಿ ಇದರ ಲಕ್ಷಣಗಳು. ನಮ್ಮ ಹಬ್ಬದ ಜಾಡಿಗೂ, ಗೋವೆಯ ಪೋರ್ಟ್ ವೈನ್ ಎಂಬ ಸಿಹಿರಸಕ್ಕೂ ಇದೇ ಹಣ್ಣು. ಆದರೆ ಕಾಲವನ್ನು ಕಾಯುವ ರಸಕ್ಕೆ ಬೇಕಾದ ಒಗರಿನ ಬೆನ್ನೆಲುಬು ಇದರಲ್ಲಿ ಕಡಿಮೆ.

ಆ ಬೆನ್ನೆಲುಬಿನ ರಸವೂ ಈ ನೆಲದಲ್ಲಿ ಆದೀತೆಂದು ನಂಬಿದವರು ಕನ್ವಲ್ ಗ್ರೋವರ್ ಎಂಬ ಉದ್ಯಮಿ. ಫ್ರಾನ್ಸಿನ ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಎಂಬ ತಜ್ಞರೊಡನೆ ಅನೇಕ ಕಡೆ ಮಣ್ಣು ಹವೆಗಳನ್ನು ಪರೀಕ್ಷಿಸಿ, ಹಲವು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, 1988ರಲ್ಲಿ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ರಘುನಾಥಪುರದ ಬಳಿ ಗ್ರೋವರ್ ದ್ರಾಕ್ಷಿತೋಟದ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಬೋರ್ದೋದ ಪ್ರಸಿದ್ಧ ತಜ್ಞ ಮಿಶೆಲ್ ರೋಲಾನ್ ಸಲಹೆಗಾರರಾದರು. ಕಬೆರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಎಂಬ ಎರಡು ತಳಿಗಳನ್ನು ಕೂಡಿಸಿ, ಓಕ್ ಪೀಪಾಯಿಯಲ್ಲಿ ಮಾಗಿಸಿದ ಅಲ್ಲಿನ ಲಾ ರಿಸರ್ವ್ ಎಂಬ ಕೆಂಪುರಸ ಹೊರದೇಶಗಳಲ್ಲಿಯೂ ಹೆಸರು ಪಡೆಯಿತು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಎಲೆ ಉದುರಿಸಿ ಮಲಗುವ ಬದಲು ಅದು ವರ್ಷವೆಲ್ಲ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ವರ್ಷಕ್ಕೆರಡು ಬಾರಿ ಸವರಿ ಬಳ್ಳಿಯನ್ನು ಹದ್ದಿಗೆ ತರಬೇಕು. ಬರೋಲೊದಲ್ಲಿ ಋತುವೇ ಮಾಡುವ ಕೆಲಸವನ್ನು ಇಲ್ಲಿ ಕತ್ತರಿ ಮಾಡುತ್ತದೆ.

2012ರಲ್ಲಿ ಈ ಸಂಸ್ಥೆ ನಾಸಿಕದ ಮತ್ತೊಂದು ಸಂಸ್ಥೆಯೊಡನೆ ಕೂಡಿ ಗ್ರೋವರ್ ಜಂಪಾ ಆಯಿತು. ಒಂದೇ ಮನೆಯ ಸ್ವತ್ತಾಗಿದ್ದದ್ದು ಹಲವರ ಹೂಡಿಕೆಯ ಉದ್ದಿಮೆಯಾಯಿತು. ದೋಷ ಹೇಳಲೆಂದು ನಾವು ಇದನ್ನು ಬರೆಯುತ್ತಿಲ್ಲ. ಕರ್ನಾಟಕ ಸರ್ಕಾರವೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ ಬೆಳೆಗಾರರಿಗೆ ಹೊಸ ದಾರಿ ತೆರೆಯಿತು. ಆದರೂ ಮಾಗುವ ರಸಕ್ಕೆ ಬೇಕಾದದ್ದು ಹಣ, ತಜ್ಞತೆಗಳಿಗಿಂತ ಹೆಚ್ಚಾಗಿ, ಒಂದು ತಲೆಮಾರು ನೆಟ್ಟದ್ದನ್ನು ಮುಂದಿನ ತಲೆಮಾರು ಕಾಯುವ ಮನೆ. ತೋಟಕ್ಕೆ ಇನ್ನೂ ನಾಲ್ಕು ದಶಕ ತುಂಬಿಲ್ಲ. ಅದರ ನಿಜವಾದ ಪರೀಕ್ಷೆ ಮುಂದಿದೆ.

ನೆಲದ ಪ್ರಶ್ನೆ

ಆ ಪರೀಕ್ಷೆಗೆ ನೆಲ ಉಳಿಯಬೇಕು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲ ಭೂಮಿಯ ಬೆಲೆ ಏರಿತು. ಕಲ್ಲುಕಂಬ ನಿಂತಿದ್ದೆಡೆ ನಿವೇಶನದ ಗಡಿಕಲ್ಲು ನಿಂತಿತು. ಕೊಳವೆಬಾವಿಗಳು ವರ್ಷವರ್ಷಕ್ಕೆ ಆಳಕ್ಕಿಳಿದವು. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕನ್ನು ತಣಿಸುತ್ತಿದ್ದ ಅರ್ಕಾವತಿ ಬತ್ತಿತು. ಇಂಥ ಸ್ಥಿತಿಯಲ್ಲಿ ಸಾಲ ತೀರಿಸಲು, ಮಗಳ ಮದುವೆ ಮಾಡಲು ನೆಲ ಮಾರಿದ ರೈತನನ್ನು ದೂಷಿಸುವ ಅಧಿಕಾರ ನಮಗಿಲ್ಲ. ಆದರೆ ಮಾರಿದ ಹಣ ಎಷ್ಟು ಮನೆಗಳಲ್ಲಿ ಎರಡನೆಯ ತಲೆಮಾರಿಗೆ ಉಳಿದಿದೆ ಎಂದು ಕೇಳುವ ಕರ್ತವ್ಯ ಉಂಟು. ಇಪ್ಪತ್ತು ವರ್ಷ ಹಣ್ಣು ಕೊಡಬಲ್ಲ ಬಳ್ಳಿಯ ಬೆಲೆಯನ್ನು ಒಂದು ದಿನದ ಕ್ರಯಪತ್ರ ಕಟ್ಟಲಾರದು.

ನಮ್ಮ ರಾಜಘಟ್ಟದ ಮಣ್ಣು ಕಾಯುವುದನ್ನು ಬಲ್ಲದು. ಈ ಶತಮಾನದ ಆರಂಭದಲ್ಲಿ ಇಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ವಿಹಾರ ಚೈತ್ಯಗಳ ಅಡಿಪಾಯವೂ ಮಣ್ಣಿನ ಪುಟ್ಟ ಹರಕೆಯ ಸ್ತೂಪಗಳೂ ದೊರೆತವು. ಭಿಕ್ಷುಗಳು ಶ್ರದ್ಧೆಯಿಂದ ಒಪ್ಪಿಸಿದ ಆ ಹಸಿಮಣ್ಣಿನ ವಸ್ತುಗಳನ್ನು ಈ ನೆಲ ನೂರಾರು ವರ್ಷ ಮುರಿಯದೆ ಇಟ್ಟುಕೊಂಡಿತ್ತು. ನಾವು ಇದಕ್ಕೆ ಒಪ್ಪಿಸುವುದೇನು ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ದೇವಾಲಯದ ನೂರು ವರ್ಷವೂ ಇಂಥದೇ ಕಾಯುವಿಕೆಯ ಫಲ. ಅಡಿಗಲ್ಲು ಇಟ್ಟ ಹಿರಿಯರಲ್ಲಿ ಯಾರೂ ಈ ಉತ್ಸವವನ್ನು ನೋಡಲು ಉಳಿದಿಲ್ಲ. ತಾವು ಸವಿಯದ ರಸಕ್ಕಾಗಿ ಅವರು ಬಳ್ಳಿ ನೆಟ್ಟರು. ಜೂಲಿಯಾ ತಾಯಿಯೂ ಸಿಕಂದರಾಬಾದಿನ ಶಾಲೆಯನ್ನು ಕಾಣಲಿಲ್ಲ. ಆದುದರಿಂದ ಈ ಶತಮಾನೋತ್ಸವದಲ್ಲಿ ನಾವು ನಮ್ಮ ಕುಟುಂಬಗಳ ಮುಂದೆ ಮೂರು ಬಿನ್ನಹಗಳನ್ನು ಇಡುತ್ತೇವೆ. ನೆಲವುಳ್ಳವರು ಅದರಲ್ಲಿ ಒಂದು ಭಾಗವನ್ನಾದರೂ ಮಕ್ಕಳಿಗೆ ಬೇಸಾಯದ ಸಹಿತ ಉಳಿಸಿಕೊಡಲಿ. ಕುಡಿತದಿಂದ ನರಳುವ ಮನೆಯನ್ನು ನಿಂದಿಸದೆ, ಸೆರೆಮನೆಯ ಕೂಗನ್ನು ಕೇಳಿದ ಆ ತಾಯಿಯಂತೆ, ಒಳಕ್ಕೆ ಹೋಗಿ ಕೈ ಹಿಡಿಯುವವರು ನಮ್ಮಲ್ಲಿ ಹೆಚ್ಚಲಿ. ಬಲಿಪೂಜೆಯಲ್ಲಿ ಪಾತ್ರೆಯನ್ನು ಮೇಲೆತ್ತುವಾಗ, ಅದರಲ್ಲಿರುವುದು ಮನುಷ್ಯರ ಶ್ರಮದ ಫಲ ಎಂಬುದನ್ನು ನೆನೆದು, ಚಪ್ಪರದಡಿ ದುಡಿಯುವವರಿಗಾಗಿ ಒಂದು ಪ್ರಾರ್ಥನೆ ಸಲ್ಲಲಿ. ಕಾನಾ ಊರಿನ ಮದುವೆಯಲ್ಲಿ ಉತ್ತಮ ರಸವನ್ನು ಕೊನೆಗೆ ಕೊಟ್ಟ ಪ್ರಭು, ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರವನ್ನು ಹರಸಲಿ.